ನಾಲ್ಕು ಸುತ್ತಿನ ನೀರು

ಉದ್ದನೆಯ ಮೇಜಿನ ನಟ್ಟನಡುವೆ ಒಂದು ಗಾಜಿನ ಲೋಟ, ಮುಕ್ಕಾಲು ನೀರು, ಕೆಸರೆನ್ನುವಂತಿಲ್ಲ, ತಿಳಿಯೆನ್ನುವಂತಿಲ್ಲ, ಹಳೆಯ ಕಾಗದದ ಬಣ್ಣ, ಕಿಟಕಿಯ ಬೆಳಕು ಅದರೊಳಗಿಳಿದು ತಳದ ಮಡ್ಡಿಯ ಮೇಲೆ ಅಲುಗದೆ ಕೂತಿದೆ — ಸುತ್ತ ಮುಚ್ಚಳ ತೆರೆಯದ ಬಾಟಲಿಗಳು — ಲೋಟ ತಂದಿಟ್ಟವಳು ನನ್ನ ತಂಗಿ, ಕೆಳಬೀದಿಯ ತನ್ನ ನಲ್ಲಿಯಿಂದ, ಅಂಗೈ ಮುಚ್ಚಿಕೊಂಡು, ಈ ಸಭೆಯವರೆಗೆ ಹನಿ ಚೆಲ್ಲದೆ. ಅಣ್ಣಾ, ಕುಡಿ, ಅಂದಳು. ನಾನು ಮುಟ್ಟಲಿಲ್ಲ. ಎರಡು ಬೀದಿಗಳ ನೀರಿನ ಜಗಳ ಬಿಡಿಸಲು ಹೊರಗಿಂದ ಬಂದ ತರಬೇತಿಯ ಮಹಾಶಯ ಹಲಗೆಯ ಮೇಲೆ ಮರವೊಂದನ್ನು ಗೀಚಿದ್ದಾನೆ, ಬೇರು ಕಾರಣವಂತೆ, ಕಾಂಡ ಜಗಳವಂತೆ, ನೀರಿನ ಮುಖವನ್ನೇ ಕಾಣದ ಮರ, ಎಲ್ರೂ ಚೀಟೀಲಿ ನಿಮ್ಮ ನೋವು ಬರೀರಿ, ನಾಚ್ಕೋಬೇಡಿ, ಎನ್ನುತ್ತಾನೆ — ನೋವಂತೆ! ಮೇಲ್ಬೀದಿಯ ಬೇಕರಿಯವನು ಬರೆದು ಅಂಟಿಸಿದ, ಪರಸ್ಪರ ನಂಬಿಕೆಯ ಕೊರತೆ, ಮೂರು ತೊಟ್ಟಿ ತುಂಬಿಸಿಕೊಂಡವನ ನಂಬಿಕೆ, ತಂಗಿ ನಕ್ಕಳು, ನಲವತ್ತು ಜನ ಕೂಲಿಯವ್ರು ಊಟಕ್ಕೆ ಬರ್ತಾರಪ್ಪ, ನಿನ್ನ ನಂಬಿಕೇನೇ ಬೇಯಿಸಿ ಬಡಿಸ್ಲಾ? ನೀರಿಲ್ಲದೆ ಅವಳ ಖಾನಾವಳಿಯ ಒಲೆ ಆರಿ ಒಂಬತ್ತು ದಿನ. ಗೋಡೆಗೊರಗಿದ, ಬೀದಿಗಳಿಗೆ ನೀರು ಬಿಡುವ ವಾಲ್‌ಮನ್ ನನ್ನನ್ನೇ ನೋಡುತ್ತಾನೆ, ಜೇಬು ಮುಟ್ಟಿಕೊಳ್ಳುತ್ತಾನೆ, ಬೆಳಿಗ್ಗೆ ನನ್ನ ಮನೆ ಬಾಗಿಲಿಗೆ ಬಂದಿದ್ದ, ಸಾರ್, ನೀವು ನೀರಿನ ಆಫೀಸಲ್ಲಿ ಕೆಲಸದಲ್ಲಿದ್ದಾಗ ಬರ್ಕೊಟ್ಟ ಚೀಟಿ, ವಾಲ್ವು ಮೇಲ್ಬೀದಿಗೆ ಹದಿನೆಂಟು ಸುತ್ತು, ಕೆಳಬೀದಿಗೆ ನಾಲ್ಕು, ಇವತ್ತಿಗೂ ಹಂಗೇ ತಿರುಗಿಸ್ತಿದೀನಿ — ಒಂದು ವಾರಕ್ಕೆಂದು ಬರೆದದ್ದು ಮಾರಾಯ, ಮೇಲ್ಬೀದಿಯ ಟ್ಯಾಂಕು ರಿಪೇರಿಯಲ್ಲಿದ್ದ ಆ ಒಂದು ವಾರಕ್ಕೆ, ತಾರೀಖು ಹಾಕಲು ಮರೆತೆ, ಮರೆತೆನೇ? ಮೇಲ್ಬೀದಿಗೆ ಮನೆ ಬದಲಿಸಿದ ಮೊದಲ ದಿನ ನಲ್ಲಿ ತಿರುಗಿಸಿದಾಗ ಅಷ್ಟು ದಪ್ಪ ಧಾರೆ, ಅಂದೇ ಗೊತ್ತಾಗಿತ್ತು, ಗೊತ್ತಾಗಿಯೂ ಸ್ನಾನಕ್ಕಿಳಿದೆ, ಹನ್ನೊಂದು ವರ್ಷ ಸ್ನಾನ ಮಾಡಿದೆ, ಕವಿತೆ ಓದಿದೆ, ಬಾಯಾರಿಕೆಯ ಬಗ್ಗೆ ಎಷ್ಟು ಸೊಗಸಾದ ಸಾಲುಗಳು, ಥೂ. ಈ ಮೂರ್ಖರನ್ನು ಹೀಗಳೆಯಲು ನನಗೇನು ಯೋಗ್ಯತೆ, ಎದ್ದು ಒಂದೇ ಒಂದು ಮಾತು ಹೇಳಿದರಾಯಿತು, ಚೀಟಿ ನನ್ನದು, ಸರಿಸಮ ತಿರುಗಿಸಿ — ಹಿರಿಯರು, ಎಂಜಿನಿಯರ್ ಸಾಹೇಬರು ಎರಡು ಮಾತಾಡ್ಲಿ, ಎಂದ ಮಹಾಶಯ. ಎದ್ದೆ. ಗಂಟಲು ಸರಿಪಡಿಸಿಕೊಂಡೆ. ಸಮಸ್ಯೆ ಬಹಳ ಸಂಕೀರ್ಣವಾದದ್ದು, ಅಂದೆ. ಚಪ್ಪಾಳೆ. ತಂಗಿ ಚಿಕ್ಕವಳಿದ್ದಾಗ ಆಟ ಬಿಟ್ಟು ಓಡಿಬಂದು ಅರ್ಧ ಲೋಟ ಕುಡಿದು ಉಳಿದರ್ಧ ನನ್ನ ಮುಂದೆ ಹಿಡಿಯುತ್ತಿದ್ದಳು, ಅಣ್ಣಾ, ಕುಡಿ — ಈಗ ಕುರ್ಚಿ ಹಿಂದೆ ಸರಿಸಿದಳು, ಸಾಕು ಬಿಡಣ್ಣ, ಲೋಟ ಇಲ್ಲೇ ಇರ್ಲಿ, ಎಂದು ನಡೆದಳು, ನನ್ನತ್ತ ತಿರುಗಲಿಲ್ಲ, ಬಾಗಿಲು ಅವಳ ಹಿಂದೆ ಧಡಾರನೆ ಮುಚ್ಚಿತು, ಮೇಜು ಅದುರಿತು, ಲೋಟದೊಳಗೆ ತಳದ ಮಡ್ಡಿ ಮೆಲ್ಲಗೆ ಎದ್ದಿತು —