ಕೇಟರರ್ ತಂದ ಕಮಲ

ನಮ್ಮ ಮನೆತನದಲ್ಲಿ ಮದುಮಗನ ಹಣೆಗೆ ಬಾಸಿಂಗ ಕಟ್ಟುವವನು ಸೋದರಮಾವ. ಹೆಣ್ಣಿನ ಮನೆಗೆ ಮೊದಲ ಸಲ ಹೋಗುವಾಗ ಸಿಹಿ ಹಿಡಿದುಕೊಂಡು ಹೋಗುವವನೂ ಅವನೇ. ಅಪ್ಪ ಅವ್ವ ಹೋದ ಮೇಲೆ ತಂಗಿ ನಂದಾಳ ತವರು ಎಂದರೆ ನಾನೊಬ್ಬನೇ. ಆದ್ದರಿಂದ ಅವಳ ಮಗ ಗುರು ಯೂಕಾ ಎಂಬ ಜಪಾನಿ ಹುಡುಗಿಯನ್ನು ಮದುವೆಯಾಗುತ್ತಾನೆ ಎಂದು ಗೊತ್ತಾದ ದಿನವೇ ನಮ್ಮೂರು ಕುಷ್ಟಗಿಗೆ ಫೋನ್ ಮಾಡಿ, ಈ ದೇಶಕ್ಕೆ ಬರುವವರ ಕೈಯಲ್ಲಿ ಒಂದು ಬಾಸಿಂಗ ತರಿಸಿಕೊಂಡೆ. ಮುರಿಯಬಾರದೆಂದು ಬಿಸ್ಕೀಟಿನ ಡಬ್ಬಿಯಲ್ಲಿ ಹತ್ತಿ ಹಾಕಿ ಫ್ರಿಜ್ಜಿನ ಮೇಲೆ ಇಟ್ಟೆ.

ನಾನು ಓದಿದ್ದು ಊರ ಶಾಲೆಯಲ್ಲಿ. ರಾಬಿನ್ಸ್‌ವಿಲ್‌ನಲ್ಲಿ ಅಡುಗೆ ಮಾಡಿ ಬದುಕುತ್ತೇನೆ. ಸುತ್ತಲಿನ ಕನ್ನಡದವರ ಮನೆಗಳಲ್ಲಿ ಗೃಹಪ್ರವೇಶವೋ ನಾಮಕರಣವೋ ಇದ್ದರೆ ಹೋಳಿಗೆ, ಕರದಂಟು ನನ್ನ ಕೈಯದ್ದೇ ಆಗಬೇಕು. ಅದಕ್ಕೂ ಮುಂಚೆ ಪ್ರಿನ್ಸ್‌ಟನ್‌ನಲ್ಲಿ ತಂಗಿಯ ಮನೆಯ ಬೇಸ್‌ಮೆಂಟಿನಲ್ಲಿದ್ದೆ. ನಂದಾ ಮತ್ತು ಅವಳ ಗಂಡ ರಾಜಶೇಖರ ಇಬ್ಬರೂ ಔಷಧಿ ಕಂಪನಿಗಳಿಗೆ ಹೋಗುತ್ತಿದ್ದರು. ಗುರುವಿಗೆ ಉಣಿಸಿ, ಹಿಮದಲ್ಲಿ ಹೆಗಲ ಮೇಲೆ ಕೂರಿಸಿಕೊಂಡು ಸ್ಕೂಲ್ ಬಸ್ಸಿಗೆ ಬಿಡುತ್ತಿದ್ದವನು ನಾನು.

ಯೂಕಾಳ ತಾಯಿಯ ಮನೆಗೆ ಹೋಗುವ ದಿನ ಗೊತ್ತಾದಾಗ ಕರದಂಟು ಮಾಡುತ್ತೇನೆ ಎಂದೆ. ನಂದಾ ಒಪ್ಪಲಿಲ್ಲ. ಆ ಅಂಟು ಅವರ ಹಲ್ಲಿಗೆ ಹಿಡಿಯುತ್ತದೆ, ತುಪ್ಪದ ವಾಸನೆ ಅವರಿಗೆ ಆಗುವುದಿಲ್ಲ, ಅವರದೇ ಸಾಂಪ್ರದಾಯಿಕ ಸಿಹಿ ಒಯ್ದರೆ ನಮಗೂ ಒಂದು ಕ್ಲಾಸ್ ಇದೆ ಎಂದು ತಿಳಿಯುತ್ತದೆ ಎಂದಳು. ತನಗೆ ಆಫೀಸು, ಗುರುವಿಗೆ ಮೀಟಿಂಗು. ಸಿಹಿಯಲ್ಲಿ ಕಣ್ಣು ಪಳಗಿದವನು ನೀನೇ, ನೀನೇ ಆರಿಸಿ ತಾ, ಮೊಟ್ಟೆ ಮಾತ್ರ ಇರಬಾರದು ಎಂದಳು. ಸಿಟ್ಟು ಬಂದರೂ ಒಳಗೊಳಗೆ ಹಿಗ್ಗಿದೆ. ಆರಿಸುವುದು ಸೋದರಮಾವನ ಪಾಲಿಗೇ ಬಂತಲ್ಲ ಎಂದು.

ಟ್ರೇನಿನಲ್ಲಿ ಮ್ಯಾನ್‌ಹಟನ್‌ಗೆ ಹೋದೆ. ಆಗಸ್ಟಿನ ಬಿಸಿಲು, ಪ್ಲಾಟ್‌ಫಾರ್ಮಿನಲ್ಲಿ ಅಂಗಿ ಮೈಗೆ ಅಂಟಿತ್ತು. ಜಪಾನಿ ಸಿಹಿಯ ಅಂಗಡಿ ಚಿಕ್ಕದು, ದವಾಖಾನೆಯಷ್ಟು ನಿಶ್ಶಬ್ದ. ಗಾಜಿನೊಳಗೆ ಸಿಹಿಗಳನ್ನು ಒಡವೆಯ ಹಾಗೆ ಒಂದೊಂದೇ ಇಟ್ಟಿದ್ದರು. ಹುರುಳಿಯಂಥ ಕೆಂಪು ಕಾಳಿನ ಹೂರಣ ತುಂಬಿದ ಅಕ್ಕಿಹಿಟ್ಟಿನ ಉಂಡೆಗಳು, ಮೊಲದ ಆಕಾರದವು, ಎಲೆಯಲ್ಲಿ ಸುತ್ತಿದವು. ಹೂರಣ ಎಂದರೆ ನನಗೆ ಯಾರೂ ಹೇಳಿಕೊಡಬೇಕಿಲ್ಲ. ರುಚಿಗೆ ಕೊಟ್ಟ ಚೂರನ್ನು ನಾಲಿಗೆಗೆ ಹಾಕಿ ನೋಡಿದೆ, ನುಣ್ಣಗೆ ರುಬ್ಬಿದ್ದರು, ಆದರೆ ಏಲಕ್ಕಿ ಇಲ್ಲ, ಬೆಲ್ಲ ಇಲ್ಲ, ಸಪ್ಪೆ. ಇಷ್ಟು ಸಪ್ಪೆಯದನ್ನು ಶುಭಕಾರ್ಯಕ್ಕೆ ಹೇಗೆ ಒಯ್ಯುವುದು ಎನ್ನಿಸಿತು.

ಆಗ ಮೂಲೆಯಲ್ಲಿ ಕಂಡವು ಸಕ್ಕರೆಯ ಕಮಲಗಳು. ನಮ್ಮ ಸಂಕ್ರಾಂತಿಯ ಸಕ್ಕರೆ ಅಚ್ಚಿನ ಹಾಗೆಯೇ ಅಚ್ಚಿಗೆ ಒತ್ತಿ ಮಾಡಿದ್ದು. ಗುಲಾಬಿ ಬಣ್ಣದ ಹೂವು, ಬಿಳಿ ಮೊಗ್ಗು, ಹಸಿರು ಎಲೆ. ಮದುವೆಯ ಮಾತಿಗೆ ಹೋಗುವವರ ಕೈಯಲ್ಲಿ ಲಕ್ಷ್ಮಿ ಕೂತ ಹೂವಿಗಿಂತ ಇನ್ನೇನು ಬೇಕು? ಮೊಟ್ಟೆಯೂ ಇಲ್ಲ. ಕೌಂಟರಿನ ಹುಡುಗಿ ಇದು ಮನೆಯಲ್ಲಿ ದೇವರ ಮುಂದೆ ಇಡಲಿಕ್ಕಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹೌದು ಎಂದೆ. ಸಿಹಿ ಎಂದ ಮೇಲೆ ಯಾರ ಮನೆಗೇ ಕೊಡಲಿ, ಮೊದಲು ದೇವರ ಮುಂದೆ ಇಟ್ಟೇ ಅಲ್ಲವೇ ಬಾಯಿಗೆ ಹಾಕುವುದು? ಅವಳು ತಲೆ ಬಗ್ಗಿಸಿ ಪಾರದರ್ಶಕ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಕೊಟ್ಟಳು. ನಂದಾ ಅದನ್ನು ನೋಡಿ, ವಾವ್ ಅಣ್ಣಾ, ಸೋ ಎಲಿಗಂಟ್ ಎಂದಳು. ಫೋಟೋ ತೆಗೆದು ಗೆಳತಿಯರಿಗೆಲ್ಲ ಕಳಿಸಿದಳು.

ಭಾನುವಾರ ಫೋರ್ಟ್ ಲೀಯಲ್ಲಿದ್ದ ಯೂಕಾಳ ತಾಯಿಯ ಮನೆಗೆ ಹೋದೆವು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದಾಗ ನಂದಾ ಗಂಡನನ್ನು ಡಾಕ್ಟರ್ ರಾಜಶೇಖರ ಎಂದು ಪರಿಚಯಿಸಿದಳು, ಮಗನ ಪರಿಚಯ ಮೊದಲೇ ಇತ್ತು, ನನ್ನ ಕಡೆ ಕೈ ತೋರಿಸಿ ಬರೀ ಅಮರೇಶ್ವರ ಎಂದಳು. ಯಾರು ಎಂದು ಹೇಳಲಿಲ್ಲ. ಮಾತಿನ ಗಡಿಬಿಡಿ ಎಂದುಕೊಂಡೆ. ನಾನೇ ಎರಡೂ ಕೈಯಲ್ಲಿ ಡಬ್ಬಿ ಕೊಟ್ಟೆ. ಯೂಕಾಳ ತಾಯಿ ಎರಡೂ ಕೈಯಲ್ಲಿ ತೆಗೆದುಕೊಂಡರು. ಮುಚ್ಚಳದೊಳಗೆ ನೋಡಿದವರು ಹಾಗೇ ನಿಂತರು.

ಯೂಕಾ ಗುರುವಿನ ಕಿವಿಯಲ್ಲಿ ಏನೋ ಹೇಳಿದಳು. ಗುರು ನಂದಾಳ ಕಡೆ ಬಾಗಿ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದ. ಮೆಲ್ಲಗೆ ಹೇಳಿದರೂ ಕೇಳಿಸಿತು. ಕಮಲದ ಆಕಾರದ್ದು ಸತ್ತವರಿಗೆ ಇಡುವುದಂತೆ. ಯೂಕಾಳ ತಂದೆ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ.

ನಂದಾಳ ಮುಖ ಕೆಂಪಾಯಿತು. "ಐ ಆಮ್ ಸೋ ಸಾರಿ. ನಮ್ಮ ಕೇಟರರ್ ತಂದಿದ್ದು ಇದು. ಅವನಿಗೆ ಇದೆಲ್ಲ ಗೊತ್ತಾಗಲ್ಲ," ಎಂದು ಇಂಗ್ಲಿಷಿನಲ್ಲಿ ಹೇಳಿ ನನ್ನ ಕಡೆ ಕೈ ತೋರಿಸಿದಳು.

ಅಷ್ಟು ಇಂಗ್ಲಿಷ್ ನನಗೆ ಬರುತ್ತದೆ. ನನ್ನ ಸಿಟ್ಟು ಈ ಸೀಮೆಯ ಕನ್ನಡದವರಿಗೆಲ್ಲ ಗೊತ್ತು. ಸಾರು ನೀರಾಗಿದೆ ಎಂದ ಒಬ್ಬನ ಮನೆಯಿಂದ ಪಾತ್ರೆ ಸಮೇತ ಎದ್ದು ಬಂದವನು ನಾನು. ಆದರೆ ಆಗ ಗುರುವನ್ನೇ ನೋಡಿದೆ. ಅವನು ಹೇಳಲಿ ಎಂದು ಕಾದೆ. ದೊಡ್ಡ ಮಾತು ಬೇಕಿರಲಿಲ್ಲ, ಹೀ ಈಸ್ ಮೈ ಅಂಕಲ್ ಎಂದರೆ ಸಾಕಿತ್ತು. ಹೆಗಲ ಮೇಲೆ ಕೂತು ನನ್ನ ಕಿವಿ ಹಿಡಿದುಕೊಳ್ಳುತ್ತಿದ್ದ ಹುಡುಗ ಚಹಾದ ಬಟ್ಟಲನ್ನು ನೋಡುತ್ತ ಕೂತ.

ಯೂಕಾಳ ತಾಯಿ ಡಬ್ಬಿ ಹಿಡಿದು ಪಕ್ಕದ ಕೋಣೆಗೆ ಹೋದರು. ಅಲ್ಲೊಂದು ಕಪ್ಪು ಮರದ ಪುಟ್ಟ ಗೂಡು, ಒಳಗೆ ಕನ್ನಡಕ ಹಾಕಿದ ಒಬ್ಬ ಗಂಡಸಿನ ಫೋಟೋ. ಅದರ ಮುಂದೆ ಡಬ್ಬಿ ಇಟ್ಟು ಸಣ್ಣ ಗಂಟೆ ಬಾರಿಸಿ ಕೈ ಮುಗಿದರು. ಎದ್ದು ಬಂದಾಗ ಕಣ್ಣು ಒದ್ದೆಯಾಗಿತ್ತು. ಸತ್ತವರು ಮನೆಗೆ ಬಂದುಹೋಗುವ ತಿಂಗಳು ಇದು ಎಂದು ನಾವು ನಂಬುತ್ತೇವೆ, ನನ್ನ ಗಂಡ ಹೋದ ಮೇಲೆ ಮೊದಲ ಸಲ ಬಂದ ತಿಂಗಳು, ಮದುವೆಯ ಸಂಭ್ರಮದಲ್ಲಿ ಬಂದವರ್ಯಾರೂ ಅವರನ್ನು ನೆನೆಯಲಿಲ್ಲ, ನೀವು ಮೊದಲು ಅವರಿಗೆ ತಂದಿರಿ ಎಂದರು. ಇದು ಯಾರಿಗೆ ಹೊಳೆಯಿತು ಎಂದು ಕೇಳಿದರು.

ನಂದಾ ಉಸಿರು ತೆಗೆದುಕೊಳ್ಳುವಷ್ಟೂ ತಡ ಮಾಡಲಿಲ್ಲ. ನನ್ನ ಗಂಡನಿಗೆ, ಅವರೇ ಹೇಳಿ ಕಳಿಸಿದ್ದು ಎಂದಳು. ಆಕೆ ರಾಜಶೇಖರನಿಗೆ ಸೊಂಟದವರೆಗೆ ಬಾಗಿ ನಮಸ್ಕರಿಸಿದರು. ಅವನೂ ಬಾಗಿದ. ಆ ಡಬ್ಬಿಯ ಬಣ್ಣ ಯಾವುದು ಎಂದು ಕೇಳಿದ್ದರೆ ಅವನಿಗೆ ಹೇಳಲು ಬರುತ್ತಿರಲಿಲ್ಲ.

ಈಗಲಾದರೂ ಕೂಗಬೇಕು ಎನ್ನಿಸಿತು. ಆದರೆ ಗಂಟೆಯ ಸದ್ದು ಇನ್ನೂ ಕಿವಿಯಲ್ಲಿತ್ತು. ಸತ್ತ ಮನುಷ್ಯನ ಮುಂದೆ ಜಗಳ ಮಾಡಬಾರದು ಎಂದು ಅವ್ವ ಕಲಿಸಿದ್ದಳು. ಹೊರಡುವಾಗ ಯೂಕಾಳ ತಾಯಿ ನಂದಾಳಿಗೆ ರೇಷ್ಮೆಯ ಬಟ್ಟೆಯಲ್ಲಿ ಸುತ್ತಿದ ದೊಡ್ಡ ಪೆಟ್ಟಿಗೆ ಕೊಟ್ಟರು. ನನಗೆ ಬಾಗಿಲಲ್ಲಿ ಒಂದು ಸಣ್ಣ ಪೊಟ್ಟಣ ಕೊಟ್ಟು, ಅಷ್ಟು ದೂರ ಹೋಗಿ ತಂದದ್ದಕ್ಕೆ ಥ್ಯಾಂಕ್ಸ್ ಎಂದರು. ಆಕೆಯ ತಪ್ಪೇನೂ ಇಲ್ಲ. ಆಕೆಗೆ ಹೇಳಿದ್ದನ್ನು ಆಕೆ ನಂಬಿದರು.

ಕಾರು ಟರ್ನ್‌ಪೈಕ್ ಹೆದ್ದಾರಿ ಹತ್ತಿತು. ಆಮೇಲೆ ನಂದಾ ಹಿಂದೆ ತಿರುಗಿದಳು.

"ಬಾಯಿಗೆ ಬಂದಿದ್ದು ಅದೇ ಅಣ್ಣಾ. ಏನ್ ಮಾಡ್ಲಿ? ಆ ಪೊಟ್ಟಣ ಇಲ್ಲಿ ಕೊಡು, ಯೂಕಾ ಮನೇದು ಅಂತ ದೇವರ ಹತ್ರ ಇಡ್ತೀನಿ."

"ಇದು ಕೇಟರರ್‌ಗೆ ಕೊಟ್ಟಿದ್ದು," ಎಂದೆ. "ಕೇಟರರ್ರೇ ತಿಂತಾನ."

ಅಲ್ಲೇ ಬಿಚ್ಚಿ ಒಂದೊಂದಾಗಿ ಎಲ್ಲವನ್ನೂ ತಿಂದೆ. ಅದೇ ಸಪ್ಪೆ ಹೂರಣ. ಅಂಗಡಿಯಲ್ಲಿ ರುಚಿ ನೋಡಿದ ಚೂರು ಬಿಟ್ಟರೆ, ದೇವರ ಮುಂದೆ ಇಡದೆ ಸಿಹಿ ತಿಂದದ್ದು ಅದೇ ಮೊದಲು. ಪಕ್ಕದಲ್ಲಿ ಕೂತ ಗುರು ಕಿಟಕಿಯ ಕಡೆ ನೋಡುತ್ತ, "ಮಾಮಾ, ಡೋಂಟ್ ಮೇಕ್ ಇಟ್ ಎ ಥಿಂಗ್, ದೊಡ್ಡದು ಮಾಡ್ಬೇಡ," ಎಂದ. ಮಾಮಾ ಎನ್ನುವುದು ಕಾರಿನೊಳಗೆ ಅವನಿಗೆ ಚೆನ್ನಾಗಿ ನೆನಪಿತ್ತು.

ದಸರೆಯ ಹೊತ್ತಿಗೆ ಮದುವೆಯ ದಿನ ಗೊತ್ತಾಯಿತು. ನಂದಾ ಫೋನ್ ಮಾಡಿದಳು. ಮೊದಲು ನನ್ನ ಬಿ.ಪಿ. ವಿಚಾರಿಸಿದಳು, ಚಳಿಗೆ ಹೊಸ ಜಾಕೆಟ್ ತೆಗೆದುಕೊಂಡೆಯಾ ಎಂದಳು. ಇಷ್ಟು ಉಪಚಾರ ಬಂದರೆ ಹಿಂದೆ ಏನೋ ಇದೆ ಎಂದು ನನಗೆ ತಿಳಿಯುತ್ತದೆ.

"ಅಣ್ಣಾ, ಬಾಸಿಂಗ ಕಟ್ಟೋಕೆ ಮಾರಿಸ್‌ಟೌನಿನ ಡಾಕ್ಟರ್ ಜಯರಾಮು ಅವರಿಗೆ ಹೇಳಿದೀವಿ. ಇವರ ಕಸಿನ್. ಯೂಕಾ ತಾಯಿ ಮುಂದೇನೇ ಕೂತಿರ್ತಾರೆ ನೋಡು. ಈಗ ನೀನು ಎದ್ದು ಬಂದು ಕಟ್ಟಿದ್ರೆ, ಅವರಿಗೆ ಏನಂತ ಹೇಳ್ಲಿ? ನೀನು ಊಟದ ಕಡೆ ನೋಡ್ಕೋ. ನಿನ್ನ ಹೋಳಿಗೆ ಇಲ್ದೆ ಮದುವೆ ಆಗತ್ತಾ?"

ಅವಳ ಹಿಂದೆ ಟೀವಿಯ ಸದ್ದಿತ್ತು. ಗುರು ಅಲ್ಲೇ ಇದ್ದನೋ ಏನೋ. ಇದ್ದರೂ ಮಾತಾಡುವವನಲ್ಲ.

"ಸತ್ಯ ಹೇಳಂದ್ರ ಹೇಳೀಯೇನು, ನಂದಾ?"

ಅವಳು ಹೋಳಿಗೆ ಎಷ್ಟು ಬೇಕಾಗಬಹುದು ಎಂಬ ಲೆಕ್ಕ ತೆಗೆದಳು. ಸತ್ಯ ಹೇಳುವವಳಾಗಿದ್ದರೆ ಫೋರ್ಟ್ ಲೀಯಲ್ಲೇ ಹೇಳುತ್ತಿದ್ದಳು.

"ಹಂಗಾರ ಕೇಳು," ಎಂದೆ. "ನಿಮ್ಮ ಕೇಟರರ್‌ಗೆ ಅವತ್ತು ಬ್ಯಾರೆ ಮದುವಿ ಐತಿ."

ಸುಳ್ಳೇ ಅದು. ಅವತ್ತು ನನಗೆ ಯಾವ ಕೆಲಸವೂ ಇರಲಿಲ್ಲ. ಅಣ್ಣಾ, ಹಿಂಗನ್ನಬೇಡ ಎಂದು ಅವಳು ಅಳುವ ದನಿ ತೆಗೆದಳು. ಫೋನ್ ಇಟ್ಟೆ. ಮದುವೆಯ ದಿನ ಬೆಳಿಗ್ಗೆ ಎದ್ದು, ಯಾರೂ ಹೇಳದಿದ್ದರೂ ಕಡಲೆಬೇಳೆ ಬೇಯಿಸಿ ಹೂರಣ ರುಬ್ಬಿದೆ. ರುಬ್ಬಿದ ಮೇಲೆ ಯಾರಿಗೆ ಎಂದು ಹೊಳೆಯಲಿಲ್ಲ. ಬಾಸಿಂಗದ ಡಬ್ಬಿ ಫ್ರಿಜ್ಜಿನ ಮೇಲೆಯೇ ಇತ್ತು. ಕೆಳಗಿಳಿಸಲಿಲ್ಲ.