ಮೇಷ್ಟ್ರು ಕಲಿಸಿದ ರುಜು

ಗುರುಪಾದಸ್ವಾಮಿ ಮೇಷ್ಟ್ರು ಬೆರಳಿಗೆ ಎಂಜಲು ಹಚ್ಚಿ ಮೊಮ್ಮಗಳ ಸ್ಲೇಟು ಒರೆಸಿದರು. ಅವರೆಕಾಯಿ ಬಿಡಿಸುತ್ತಿದ್ದ ಹೆಂಡತಿ ಶಿವರತ್ನಮ್ಮ ಮೊರವನ್ನು ಅತ್ತ ಸರಿಸಿಕೊಂಡಳು. ಮೂವತ್ತೆಂಟು ವರ್ಷದಿಂದ ನೋಡುತ್ತಿದ್ದ ಎಂಜಲೇ, ಆದರೂ ಅದೇನು ಅಭ್ಯಾಸವಾಗುವ ವಸ್ತುವೇ? ಒದ್ದೆ ಬಟ್ಟೆ ಪಕ್ಕದಲ್ಲೇ ಬಿದ್ದಿತ್ತು. ಯಳಂದೂರಿನ ಅರ್ಧ ಊರಿಗೆ ಇಂಗ್ಲಿಷ್ ಕಲಿಸಿ ನಿವೃತ್ತರಾದವರಿಗೆ ಅದನ್ನು ಹೇಳುವವರು ಯಾರು?

ಅವರು ಒರೆಸಿದ್ದು ಸೊಸೆ ಕೋಮಲ ಬರೆದುಕೊಟ್ಟ ಇಂಗ್ಲಿಷಿನ ಬಿಡಿ ಅಕ್ಷರಗಳನ್ನು. ಮೊಮ್ಮಗಳು ಪದ್ಮಿನಿ ಎರಡು ವರ್ಷ ಕೊಳ್ಳೇಗಾಲದ ಕಾನ್ವೆಂಟಿಗೆ ವ್ಯಾನಿನಲ್ಲಿ ಹೋಗಿ ಬಂದರೂ ಒಂದು ಪದ ಓದಲು ಬರಲಿಲ್ಲ. ಪುಸ್ತಕ ಕಂಡರೆ ಮಂಚದಡಿ ಸೇರುತ್ತಿದ್ದಳು. ಕೊನೆಗೆ ಕೋಮಲ ಸ್ಕೂಲು ಬಿಡಿಸಿ, ಫೋನಿಕ್ಸ್ ಪುಸ್ತಕ ತರಿಸಿ, ಮನೆಯಲ್ಲೇ ಕಲಿಸತೊಡಗಿದಳು. ಅಕ್ಷರದ ಹೆಸರು ಬೇಡ, ಸದ್ದು ಹೇಳು. ಸದ್ದಿಗೆ ಸದ್ದು ಸೇರಿಸು, ಪದವಾಗುತ್ತದೆ. ಇಷ್ಟೇ ವಿದ್ಯೆ. ಮೂರು ತಿಂಗಳಲ್ಲಿ ಮಗು ಸೋಪಿನ ಕವರು, ಬಿಸ್ಕತ್ತಿನ ಪೊಟ್ಟಣ ಏನು ಸಿಕ್ಕರೂ ಓದುವಂತಾಯಿತು. ಈಗ ಬರೆಸಬೇಕು. ಬಿಡಿ ಅಕ್ಷರವೋ, ಒಂದಕ್ಕೊಂದು ಕೊಂಡಿ ಹಾಕಿದ ಕೂಡು ಅಕ್ಷರವೋ? ವಾರದಿಂದ ಮನೆಯಲ್ಲಿ ಇದೇ ಜಗಳ. ಮಗ ಶಿವಕುಮಾರಸ್ವಾಮಿ ಅಪ್ಪನಿಗೂ ಹೂಂ, ಹೆಂಡತಿಗೂ ಹೂಂ ಎಂದು ಬಸ್ಸು ಹತ್ತಿ ಕೆಲಸಕ್ಕೆ ಹೋಗಿಬಿಡುತ್ತಿದ್ದ.

"ಮಾವ, ಪುಸ್ತಕದಲ್ಲಿ ಹೆಂಗಿದೆಯೋ ಹಂಗೇ ಬರೀಲಿ" ಎಂದಳು ಕೋಮಲ. "ಕೂಡಿಸಿಬಿಟ್ರೆ ಯಾವ ಅಕ್ಷರ ಎಲ್ಲಿ ಮುಗೀತು ಅಂತ ಅವಳಿಗೆ ಕಾಣಲ್ಲ. ಮತ್ತೆ ಮಂಚದಡಿ ಸೇರ್ಕೋತಾಳೆ."

"ಬಿಡಿ ಅಕ್ಷರ ಅಂದ್ರೆ ಇರುವೆ ಸಾಲು ಕಣಮ್ಮ. ಬರವಣಿಗೆ ಅಂದ್ರೆ ಕೂಡು ಅಕ್ಷರ. ನಿಮ್ಮತ್ತೆ ರುಜು ನೋಡಿಲ್ವಾ? ಇಸ್ಕೂಲ್ ಮೆಟ್ಟಿಲು ಹತ್ತದವಳು."

ಬಂತಪ್ಪ ರುಜು, ಎಂದುಕೊಂಡಳು ಶಿವರತ್ನಮ್ಮ. ಬಂಡಳ್ಳಿಯಿಂದ ಮದುವೆಯಾಗಿ ಬಂದ ವರ್ಷ ಮೇಷ್ಟ್ರು ಅವಳ ಕೈಹಿಡಿದು, ಹದಿನೈದು ದಿನ ತಿದ್ದಿಸಿ, ಇಂಗ್ಲಿಷಿನಲ್ಲಿ ಒಂದು ರುಜು ಕಲಿಸಿದ್ದರು. ಅದೊಂದೇ. ಅದರ ಮುಂದಕ್ಕೆ ಒಂದಕ್ಷರವಿಲ್ಲ. ಮನೆಗೆ ಯಾರೇ ಬರಲಿ, ಕೋಲೆ ಬಸವನನ್ನು ಕರೆದು ತಲೆ ಆಡಿಸುವ ಹಾಗೆ ಅವಳನ್ನು ಕರೆದು ರುಜು ಹಾಕಿಸುತ್ತಿದ್ದರು. ಬಂದವರು ಆಹಾ ಎನ್ನುತ್ತಿದ್ದರು. ಮೇಷ್ಟ್ರು ಮೀಸೆ ಒರೆಸಿಕೊಳ್ಳುತ್ತಿದ್ದರು.

ಆದರೆ ಮೂರು ತಿಂಗಳಿಂದ ಮಗುವಿನ ಪಾಠ ಅವಳ ಕಿವಿಗೂ ಬೀಳುತ್ತಿತ್ತು. ಮೊದಲ ದಿನದ ಅಕ್ಷರ 'ಸ್', ಹಾವಿನ ಹಾಗೆ ಸುತ್ತಿಕೊಂಡದ್ದು. ಅಜ್ಜಿಯ ಹೆಸರೂ ಅದರಿಂದಲೇ ಶುರುವಾಗುತ್ತದೆಂದು ಪದ್ಮಿನಿ ಹೇಳಿದ್ದಳು. ಅಂದಿನಿಂದ ಶಿವರತ್ನಮ್ಮ ತನ್ನ ರುಜುವಿನಲ್ಲಿ ಆ ಹಾವನ್ನು ಹುಡುಕುತ್ತಿದ್ದಳು. ಸಿಕ್ಕಿರಲಿಲ್ಲ.

ಅವಳು ಎದ್ದು ಬಂದು ಸ್ಲೇಟಿನ ಮೇಲೆ ಸರ್ರನೆ ರುಜು ಹಾಕಿದಳು.

"ಇದ್ರಾಗೆ ಹಾವಿನಕ್ಷರ ಎಲ್ಲದೆ, ಕೋಮಲ?"

ಕೋಮಲ ತಲೆ ತಗ್ಗಿಸಿದಳು. "ಒಳಗೋಗಿ ಕಾಫಿ ಮಾಡು" ಎಂದರು ಮೇಷ್ಟ್ರು.

"ಬಿಡಿಸಿ ಬರಿಯಮ್ಮ, ನಾನು ಓದ್ತೀನಿ" ಎಂದಳು ಪದ್ಮಿನಿ.

ಕೋಮಲ ಒಮ್ಮೆ ಮಾವನನ್ನು ನೋಡಿ, ರುಜುವಿನ ಕೆಳಗೆ ಅವೇ ಅಕ್ಷರಗಳನ್ನು ಒಂದೊಂದಾಗಿ ಬರೆದಳು. ಮಗು ಬೆರಳಿಟ್ಟು ಸದ್ದು ಹೊರಡಿಸಿತು. "ಗ್... ಉ... ರ್... ಉ... ಪ್... ಆ... ದ್... ಅ. ಗುರುಪಾದ. ಅಜ್ಜಿ, ಇದು ತಾತನ ಹೆಸ್ರು."

ಶಿವರತ್ನಮ್ಮ ಗಂಡನ ಹೆಸರನ್ನು ಒಂದು ದಿನಕ್ಕೂ ಬಾಯಲ್ಲಿ ಆಡಿದವಳಲ್ಲ. ಆಡಿದರೆ ಗಂಡನ ಆಯುಸ್ಸು ಸವೆಯುತ್ತದೆಂದು ತಾಯಿ ಹೇಳಿಕೊಟ್ಟಿದ್ದಳು. ಮದುವೆಮನೆಗಳಲ್ಲಿ ಹೆಂಗಸರು ತಿವಿತಿವಿದು ಕೇಳಿದರೂ 'ಮೇಷ್ಟ್ರು' ಎಂದೇ ತಪ್ಪಿಸಿಕೊಂಡಿದ್ದಳು. ಗುರುವಾರವನ್ನು ಕೂಡ 'ಬುಧವಾರದ ಮಾರನೇ ದಿನ' ಎನ್ನುತ್ತಿದ್ದಳು. ಬಾಯಿಗೆ ಅಷ್ಟು ಬೀಗ ಹಾಕಿಕೊಂಡವಳ ಕೈ ಬ್ಯಾಂಕಿನಲ್ಲಿ, ಪೋಸ್ಟಾಫೀಸಿನಲ್ಲಿ, ಮಗನ ಮಾರ್ಕ್ಸ್ ಕಾರ್ಡಿನಲ್ಲಿ ಅದೇ ಹೆಸರನ್ನು ಬರೆಯುತ್ತಲೇ ಬಂದಿತ್ತು. ಅವಳಿಗೆ ತನ್ನ ಬಲಗೈಯ ಮೇಲೇ ಹೇಸಿಗೆಯಾಯಿತು. ಸೆರಗಿನಲ್ಲಿ ಒರೆಸಿಕೊಂಡಳು, ಹೋಗಲಿಲ್ಲ.

"ನಿಂಗೆ ಗೊತ್ತಿತ್ತಾ?"

"ಬಂದ ಹೊಸದ್ರಲ್ಲೇ ನೋಡಿದ್ದೆ ಅತ್ತೆ. ನಿಮಗೂ ಗೊತ್ತಿದೆ ಅಂದ್ಕೊಂಡಿದ್ದೆ."

ಅಂದರೆ ಓದು ಬಂದವರಿಗೆಲ್ಲ ಗೊತ್ತಿತ್ತು. ಆಹಾ ಎಂದವರಿಗೆಲ್ಲ ಗೊತ್ತಿತ್ತು.

ಮೇಷ್ಟ್ರು ನಕ್ಕರು. ನಗುವುದಕ್ಕೂ ನಾಚಿಕೆ ಬೇಡವೇ? "ನಿನ್ನ ಹೆಸರು ಹದಿಮೂರು ಅಕ್ಷರ. ನಿನ್ನ ಕೈಲಿ ಆಗ್ತಿತ್ತಾ? ನಂದು ಎಂಟಕ್ಕೆ ಮುಗೀತದೆ. ಗಂಡ ಹೆಂಡ್ತೀಲಿ ನಿಂದೇನು, ನಂದೇನು? ಚಂದ ಬರ್ತದಲ್ಲ, ಅಷ್ಟು ಸಾಲ್ದಾ?"

ನಿಮ್ಮ ಚಂದಕ್ಕಿಷ್ಟು ಬೆಂಕಿ ಬೀಳ, ಎಂದುಕೊಂಡಳು. ಅವರ ನಗು, ಮೀಸೆ, ಒದ್ದೆ ಬೆರಳು, ಯಾವುದನ್ನೂ ನೋಡಲಾಗಲಿಲ್ಲ.

ಹನ್ನೊಂದಕ್ಕೆ ಪಟ್ಟಣ ಪಂಚಾಯ್ತಿಯ ಮೂರ್ತಿ ಮನೆ ಖಾತೆಯ ಕಾಗದ ಹಿಡಿದು ಬಂದ. ಮೇಷ್ಟ್ರ ಹಳೇ ಶಿಷ್ಯ. ಮೂವತ್ತು ವರ್ಷದಿಂದ ಈ ಮನೆಯಲ್ಲಿ ಕಾಫಿ ಕುಡಿದವನು. ಮೇಷ್ಟ್ರು ತಮ್ಮ ರುಜು ಹಾಕಿ ಕೂಗಿದರು. "ಬಾಮ್ಮಿ ಇಲ್ಲಿ, ಸಾಕ್ಷಿ ರುಜು ಹಾಕು. ಕೋಮಲ, ನೀನೂ ನೋಡ್ಕೋ. ನಾಳೆಯಿಂದ ಮಗೂಗೆ ಇದೇ ಬರವಣಿಗೆ."

ಶಿವರತ್ನಮ್ಮ ಪೆನ್ನು ತೆಗೆದುಕೊಳ್ಳಲಿಲ್ಲ.

"ಇಂಕಿನ ಪ್ಯಾಡ್ ಮಡಗಿದ್ದೀಯ, ಮೂರ್ತಿ?"

ಯಾತಕ್ಕೆಂದು ತಿಳಿಯದೆ ಮೂರ್ತಿ ಬ್ಯಾಗಿನಿಂದ ತೆಗೆದುಕೊಟ್ಟ. ಅವಳು ಎಡಗೈ ಹೆಬ್ಬೆಟ್ಟನ್ನು ಅದ್ದಿ, ಕಾಗದದ ಮೇಲೆ ಊರಿ ಒತ್ತಿದಳು.

ಮೇಷ್ಟ್ರ ಮುಖ ಸುಟ್ಟ ಬದನೆಕಾಯಿಯಾಯಿತು. "ಮೇಷ್ಟ್ರ ಹೆಂಡ್ತಿ ಹೆಬ್ಬೆಟ್ಟು ಒತ್ತೋದಾ? ಆಫೀಸಲ್ಲಿ ನೋಡ್ದೋರು ನನ್ನ ಮುಖಕ್ಕೆ ಉಗೀತಾರೆ."

"ಉಗೀಲಿ ಬುಡಿ. ಬೆಟ್ಟಾದ್ರೂ ನಂದು ಕಣ್ರಿ. ಮಗು ಬಿಡಿ ಅಕ್ಸರನೇ ಬರೀಲಿ. ಏನ್ ಬರೀತಾವ್ನಿ ಅಂತ ಅವ್ಳಿಗಾದ್ರೂ ತಿಳೀಲಿ."

ಕೋಮಲ ಸ್ಲೇಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಮಗುವಿನ ಕೈಗೆ ಕೊಟ್ಟಳು. ಹೆಬ್ಬೆಟ್ಟಿನ ಪಕ್ಕದಲ್ಲಿ ಅದು ಯಾರದೆಂದು ಬರೆಯಬೇಕು, ಅದು ಕಾನೂನು. ಮೂರ್ತಿ ಪೆನ್ನು ಬಿಚ್ಚಿ, ಸ್ವಲ್ಪ ಹೊತ್ತು ಕಾಗದ ನೋಡಿ, ಮೇಷ್ಟ್ರ ಕಡೆ ತಿರುಗಿ ಕೇಳಿದ:

"ಅಮ್ಮಾವ್ರ ಹೆಸರು ಏನಂತ ಬರೀಲಿ, ಸಾ?"

"ಅವರ್ನ್ಯಾಕಪ್ಪ ಕೇಳೀಯೆ?" ಎಂದಳು ಶಿವರತ್ನಮ್ಮ. "ನನ್ನ ಕೇಳು."