ಸದ್ದು ಬಾರದ ಕೋಣೆ

"ಹೊರಗಿನ ಒಂದೇ ಒಂದು ಸದ್ದೂ ಒಳಗೆ ಬರದಂಥ ಕೋಣೆ ಕಟ್ಟಿಸಿಕೊಡ್ತೀನಿ ಕಣೇ, ನೋಡ್ತಿರು," ಎಂದು ಮದುವೆಯ ಹೊಸತರಲ್ಲಿ ಗಂಡ ಅವಳಿಗೆ ಮಾತು ಕೊಟ್ಟಿದ್ದ. ಆಗ ಅವಳು ಅತ್ತೆಯ ಮನೆಯ ಮಂಚದ ಮೇಲೆ ತಲೆತುಂಬ ಕಂಬಳಿ ಹೊದ್ದು, ಅದರೊಳಗೇ ಮೈಕು ಇಟ್ಟುಕೊಂಡು ಜಾಹೀರಾತುಗಳಿಗೆ ಧ್ವನಿ ಕೊಡುತ್ತಿದ್ದಳು. ಹೊರಗೆ ಮೈದುನರ ಜಗಳ, ಟೀವಿ, ಕುಕ್ಕರಿನ ಶಿಳ್ಳೆ. ಆ ಮಾತು ಕೇಳಿ ಅವಳ ಕಣ್ಣು ತುಂಬಿ ಬಂದಿತ್ತು. ಈಗ ನೆನೆಸಿಕೊಂಡರೆ ಆ ಕಣ್ಣೀರಿನ ಮೇಲೇ ಅವಳಿಗೆ ಹೇಸಿಗೆ.

ಈಗ ರೆಕಾರ್ಡಿಂಗ್ ಸ್ಟುಡಿಯೊ ಏನೋ ಆಗಿತ್ತು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲಿನ ಮಹಡಿ. ಮುಂದೊಂದು ಕೋಣೆ, ಒಳಗೊಂದು. ಒಳಗೆ ಮೈಕು, ಮೆಷಿನ್ನು ಮತ್ತು ಅವಳು. ಮುಂದೆ ಗಂಡ. ಒಳಗಿನ ಗೋಡೆಗಳಿಗೆಲ್ಲ ಅವಳೇ ಅಳತೆ ಹಿಡಿದು ಸ್ಪಂಜು ಅಂಟಿಸಿದ್ದಳು. ಬಾಗಿಲು ಮಾತ್ರ ಹಳೆಯದು, ತೆಳ್ಳಗಿನ ಪ್ಲೈವುಡ್ಡು. ಬೆರಳಲ್ಲಿ ತಟ್ಟಿದರೆ ಖಾಲಿ ಡಬ್ಬದ ಹಾಗೆ ಉತ್ತರ ಕೊಡುತ್ತಿತ್ತು.

"ಒಳ್ಳೆ ಬಾಗಿಲು ಹಾಕಿಸ್ರೀ," ಎಂದು ಅವಳು ಹೇಳಿದಾಗಲೆಲ್ಲ ಸ್ಟುಡಿಯೊ ಸುಧಾರಿಸುತ್ತಿತ್ತು. ಮೊದಲ ಸಲ ಹೇಳಿದಾಗ ಬಣ್ಣ ಬದಲಾಯಿಸುವ ದೀಪದ ಬೋರ್ಡು ಬಂತು. ಆಮೇಲೆ ನಾಲಿಗೆ ಚಾಚಿದಂಥ ಕೆಂಪು ಸೋಫಾ. ಅದಾದ ಮೇಲೆ ಮೀನಿನ ತೊಟ್ಟಿ, ಗುಳುಗುಳು ಎನ್ನುವ ಮೋಟರಿನ ಸಮೇತ.

"ಸದ್ದು ಹಿಡಿಯೋ ಜಾಗದಲ್ಲಿ ಸದ್ದು ಮಾಡೋ ಮೀನು ಯಾಕ್ರೀ?"

"ಮೀನು ಎಲ್ಲಿ ಸದ್ದು ಮಾಡುತ್ತೆ? ಮೋಟರ್ ಮಾಡೋದು. ಬಂದವರ ಕಣ್ಣಿಗೆ ಒಂದು ಕಳೆ ಕಾಣ್ಬೇಕು. ನಿಂಗೆ ಬಿಸಿನೆಸ್ ಗೊತ್ತಾಗಲ್ಲ ಬಿಡು."

ನೋಡಲು ಬಂದ ಅತ್ತೆ ಸೋಫಾದ ಮೇಲೆ ಕೂರಲೂ ಇಲ್ಲ. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಇವನಪ್ಪನೂ ಹೀಗೇ ಇದ್ರು," ಎಂದು ನಿಂತ ಕಾಲಲ್ಲೇ ಹೊರಟುಹೋದರು.

ಹಿರಿಯ ಗಾಯಕಿಯೊಬ್ಬರು ಅಲ್ಲಿಗೆ ಬಂದದ್ದು ಬೋರ್ಡು ನೋಡಿಯಲ್ಲ, ಅವಳ ಹಳೆಯ ಕೆಲಸದ ಗುರುತಿನಿಂದ. ಒಂದು ಆಲ್ಬಮ್ಮಿನ ಅಷ್ಟೂ ಹಾಡು. ಈಕೆ ಹಾಡಿದರೆ ಹಿಂದೆಯೇ ನಾಲ್ಕು ಜನ ಬರುತ್ತಾರೆ. ಎದ್ದು ಹೋದರೆ ಸ್ಟುಡಿಯೊಗೆ ಬೀಗ, ಅವಳಿಗೆ ಮತ್ತೆ ಕಂಬಳಿ.

ಮೊದಲ ಹಾಡು ಚೆನ್ನಾಗಿ ಬಂತು. ಕೊನೆಯ ಸಾಲನ್ನು ಗಾಯಕಿ ಉಸಿರಿನಷ್ಟು ಸಣ್ಣಗೆ ಬಿಟ್ಟರು. ಇಬ್ಬರೂ ಹೆಡ್‌ಫೋನ್ ಹಾಕಿಕೊಂಡು ಕೇಳಿದರು. ಆ ಉಸಿರಿನ ಅಡಿಯಲ್ಲಿ, ಸ್ಪಷ್ಟವಾಗಿ, ಅವಳ ಗಂಡ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದ: "ಸೌಂಡ್‌ಪ್ರೂಫ್ ಅಂದ್ರೆ ನಮ್ದೇ ಸಾರ್. ಹೊರಗೆ ಆನೆ ಬಂದ್ರೂ ಒಳಗೆ ಗೊತ್ತಾಗಲ್ಲ!"

ಕರೆದೊಡನೆ ಒಳಗೆ ಬಂದ ಗಂಡ ಕೇಳಿಸಿಕೊಂಡು ನಕ್ಕ. "ಅಯ್ಯೋ, ಇಷ್ಟೇನಾ? ಆಮೇಲೆ ತೆಗೆದ್ಬಿಡ್ತಾಳೆ ಮೇಡಂ."

"ಯಾಕಪ್ಪ ತೆಗೀತೀರಾ? ನನ್ನ ಹಾಡು ತೆಗೆದು ಅದನ್ನೇ ಇಟ್ಕೊಳ್ಳಿ," ಎಂದು ಗಾಯಕಿ ಚೀಲ ಎತ್ತಿಕೊಂಡರು. ಬಾಗಿಲ ಬಳಿ ನಿಂತು ಅವಳ ಕಡೆ ತಿರುಗಿದರು. "ನಿನ್ನ ಕಿವಿ ಚೆನ್ನಾಗಿದೆಯಮ್ಮ. ಮುಂದಿನ ವಾರ ಇನ್ನೊಂದ್ಸಲ ಬರ್ತೀನಿ. ಆಗಲೂ ಈ ಆನೆ ಕೇಳಿಸಿದ್ರೆ ನನ್ನ ಕರೀಬೇಡ."

ಸಂಜೆಯವರೆಗೂ ತಲೆ ಕೆರೆದುಕೊಂಡು ಗಂಡ ಒಂದು ತೀರ್ಮಾನಕ್ಕೆ ಬಂದ: 'ಸದ್ದು ಮಾಡಬೇಡಿ' ಎಂದು ಹೊತ್ತಿ ಆರುವ ಇನ್ನೊಂದು ಬೋರ್ಡು ಬೇಕು. ಅಂಥದ್ದು ಈ ಊರಲ್ಲಿ ಸಿಗುವುದಿಲ್ಲವಾದ್ದರಿಂದ ಅದನ್ನು ತರಲು ತಾನೇ ದೊಡ್ಡ ಊರಿಗೆ ಹೊರಟ. "ಅವರು ಬರೋ ದಿನ ಬಂದ್ಬಿಡ್ತೀನಿ. ನಾನಿಲ್ದೆ ಶುರು ಮಾಡ್ಬೇಡ," ಎಂದ.

ಅವಳು ಜಗಳವಾಡಲಿಲ್ಲ. ಅವನನ್ನು ಬಸ್ಸು ಹತ್ತಿಸಿ ಬಂದು, ಕೆಳಗಿನ ಡಾಕ್ಟರನ್ನು ಕರೆದು ಸೋಫಾ, ಮೀನು ಎರಡನ್ನೂ ತೋರಿಸಿದಳು. ಹಲ್ಲು ಕೀಳಿಸಿಕೊಳ್ಳಲು ಕಾದು ಕೂತವರಿಗೆ ಮೀನು ಒಳ್ಳೆಯದೆಂದು ಡಾಕ್ಟರು ಒಪ್ಪಿದರು. ಬೋರ್ಡು ಎದುರಿನ ಕ್ಷೌರದಂಗಡಿಗೆ ಹೋಯಿತು. ಮಾರಿ ಬಂದ ದುಡ್ಡಿನಲ್ಲಿ ಬಡಗಿ ಬಂದ.

"ಎರಡು ಪದರ ಇರ್ಬೇಕು. ಅಂಚಿಗೆ ರಬ್ಬರು, ಕೆಳಗೆ ಒಂದಿಷ್ಟೂ ಸಂದಿ ಬೇಡ. ನೋಡೋಕೆ ಅಂಗೈಯಗಲ ದಪ್ಪ ಗಾಜು."

"ಅಕ್ಕಾ, ಒಳಗೇನು ಖಜಾನೆ ಇಡ್ತೀರಾ?"

"ನಮ್ಮನೆಯವರನ್ನ ಹೊರಗಿಡೋಕೆ."

ಬಡಗಿ ಅಳತೆಯ ಟೇಪನ್ನು ಮತ್ತೆ ಬಿಚ್ಚಿದ. "ಹಂಗಾದ್ರೆ ಮೂರು ಪದರ ಹಾಕ್ಲಾ?"

ಮೂರೇ ಹಾಕಿದ.

ಹೇಳಿದ ದಿನ ಗಾಯಕಿ ಬಂದರು. ಗಂಡನಿಗಾಗಿ ಯಾರೂ ಕಾಯಲಿಲ್ಲ. ಮೊದಲ ಚರಣ ಮುಗಿಯುವಷ್ಟರಲ್ಲಿ ಗಾಜಿನಾಚೆ ಅವನ ಮುಖ ಕಾಣಿಸಿತು. ಕಂಕುಳಲ್ಲಿ ಹೊಸ ಬೋರ್ಡು. ಖಾಲಿಯಾದ ಕೋಣೆಯತ್ತ ಕೈ ತೋರಿಸಿದ, ತಲೆ ಚಚ್ಚಿಕೊಂಡ, ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಮೀನನ್ನೆಲ್ಲ ಮಾರಿಬಿಟ್ಟೆ ಅಂದುಕೊಂಡಿದ್ದೆನಲ್ಲ, ಒಂದು ಉಳಿದೇಬಿಟ್ಟಿದೆ ಎನ್ನಿಸಿ ಅವಳು ಮೆಷಿನ್ನಿನ ಕಡೆ ತಿರುಗಿದಳು.

ಕೊನೆಯ ಸಾಲು ಉಸಿರಿನ ಹಾಗೆ ಬಂದು ನಿಂತಿತು. ಗಾಯಕಿ ಹೆಡ್‌ಫೋನಿನಲ್ಲಿ ಕಣ್ಣು ಮುಚ್ಚಿ ಕೇಳಿದರು. ಇನ್ನೊಮ್ಮೆ ಹಾಕಿಸಿ ಕೇಳಿದರು.

"ಆನೆ ಎಲ್ಲಿ ಹೋಯ್ತಮ್ಮ?"

"ಹೊರಗಿದೆ ಅಮ್ಮ. ಎರಡನೇ ಹಾಡು ತಗೊಳ್ಳೋಣ."

ಹೊರಗಿನ ಒಂದೇ ಒಂದು ಸದ್ದೂ ಒಳಗೆ ಬರಲಿಲ್ಲ. ಗಂಡ ಕೊಟ್ಟ ಮಾತು ನಡೆಯಿತು.